ಎಡ ಎಂಟು, ಬಲ ಇಪ್ಪತ್ತೆರಡು

ಎಲ್ಲ ಹೊಟ್ಟೆಯುರಿಗೂ ಔಷಧಿ ಅಂಗಡಿಯಲ್ಲಿ ಗುಳಿಗೆ ಸಿಗುತ್ತದೆ, ಷಡ್ಡಕನಿಂದ ಬರುವ ಹೊಟ್ಟೆಯುರಿಗೊಂದು ಬಿಟ್ಟು. ಬೀಗಣ್ಣ ಹೋಗಿ ಕೇಳಿಯೇ ನೋಡಿದ್ದ.

"ಉರಿ ಊಟಕ್ಕೆ ಮುಂಚೆ ಬರತ್ತೋ, ಊಟ ಆದ್ಮೇಲೋ?" ಎಂದು ಅಂಗಡಿಯವನು ವಿಚಾರಿಸಿದ.

"ಊಟ ಆದ್ಮೇಲೆ. ಅವನು ಪಿಯಾನೋ ಮುಂದೆ ಕೂತ ತಕ್ಷಣ."

ಬೀಗಣ್ಣ ಎಂದರೆ ಬೀಗ ರಿಪೇರಿಯವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಹಿಂದಿನ ಕೋಣೆಯಲ್ಲಿ ಇನ್ನೂ ಹಲ್ಲು ಕೊರೆಯದ ಸಾವಿರಾರು ಕೀಲಿಗಳ ಡಬ್ಬಗಳು. ಊರಿನಲ್ಲಿ ಯಾರು ಕೀ ಕಳೆದುಕೊಂಡರೂ ಅವನನ್ನೇ ಕರೆಯಬೇಕು. ಅವನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಬ್ಯಾಂಕ್ ಮ್ಯಾನೇಜರು. ಒಬ್ಬ ಮಾವನ ಇಬ್ಬರು ಅಳಿಯಂದಿರಲ್ಲಿ ದೇವರು ಕೆಲಸ ಹಂಚಿದ್ದು ಹೀಗೆ: ಬೀಗ ಇವನ ಪಾಲಿಗೆ, ಬೀಗುವುದು ಅವನ ಪಾಲಿಗೆ.

ತಿಂಗಳಿಗೊಮ್ಮೆ ಎರಡು ಕುಟುಂಬಗಳೂ ಮ್ಯಾನೇಜರ ಮನೆಯಲ್ಲಿ ಊಟಕ್ಕೆ ಸೇರುತ್ತಿದ್ದವು. ಊಟವಾದ ಮೇಲೆ ಮ್ಯಾನೇಜರು ಅಂಗಿಯ ತೋಳನ್ನು ಎರಡು ಮಡಿಕೆ ಮೇಲೇರಿಸಿ, ಉದ್ದನೆಯ ಕಪ್ಪು ಪಿಯಾನೋದ ಮುಂದೆ ಕೂತು, ಕಣ್ಣು ಮುಚ್ಚುತ್ತಿದ್ದರು. ಅವರು ಕಣ್ಣು ಮುಚ್ಚಿದೊಡನೆ ಮನೆಯ ಹೆಂಗಸರೆಲ್ಲ ಕಣ್ಣರಳಿಸುತ್ತಿದ್ದರು.

ಆ ಭಾನುವಾರ ಅತ್ತೆ ಒಂದು ಬೇಡಿಕೆ ಇಟ್ಟರು. "ಮುಂದಿನ ತಿಂಗಳು ಹದಿನೆಂಟಕ್ಕೆ ನಮ್ಮ ಮದುವೆಯಾಗಿ ಐವತ್ತು ವರ್ಷ. ನಮ್ಮ ಮದುವೆ ದಿನ ಒಂದು ಕುಣಿತದ ಹಾಡು ಹಾಕಿದ್ರಲ್ಲ, ಅದನ್ನು ಬಾರಿಸಪ್ಪಾ ಅವತ್ತು."

ಮ್ಯಾನೇಜರು ನಿಟ್ಟುಸಿರಿಟ್ಟರು. "ಅದನ್ನ ಪಿಯಾನೋಗೆ ಜೋಡಿಸಿರೋ ಒಳ್ಳೇ ಅರೇಂಜ್‌ಮೆಂಟ್ ಒಂದೇ ಒಂದು ಇರೋದು ಅತ್ತೆ, ಅದು ಬಹಳ ಕಷ್ಟ. ನಾನೇ ಮೂರು ಸಲ ಶುರು ಮಾಡಿ ಬಿಟ್ಟೆ."

ಆಗದು ಎಂದದ್ದಕ್ಕೂ ಮೆಚ್ಚುಗೆ ಬಂತು. "ಎಷ್ಟು ವಿನಯ ನೋಡ್ರೀ ಭಾವಂಗೆ!" ಎಂದು ಬೀಗಣ್ಣನ ಹೆಂಡತಿ ಗಂಡನ ಪಕ್ಕೆ ತಿವಿದಳು. ತಾನು ಆಗದು ಎಂದಾಗ ಆ ಮನೆಯಲ್ಲಿ ಅದಕ್ಕೆ ಸೋಮಾರಿತನವೆಂದು ಹೆಸರಿದ್ದದ್ದು ಬೀಗಣ್ಣನಿಗೆ ನೆನಪಾಯಿತು.

"ಅಷ್ಟೊಂದು ಕಷ್ಟಾನಾ?" ಎಂದುಬಿಟ್ಟ.

ಮ್ಯಾನೇಜರು ನಕ್ಕರು. "ನೋಡಯ್ಯಾ, ನಿಂಗೂ ಕೀ ಗೊತ್ತು, ನಂಗೂ ಕೀ ಗೊತ್ತು. ನಿನ್ನ ಕೀ ಬಾಗಿಲು ತೆಗೆಯತ್ತೆ. ನನ್ನ ಕೀ ಮನಸ್ಸು ತೆಗೆಯತ್ತೆ."

ಎಲ್ಲರೂ ನಕ್ಕರು. ಅದನ್ನು ಬೀಗಣ್ಣ ತಡೆದುಕೊಳ್ಳುತ್ತಿದ್ದ. ಆದರೆ ಹೆಂಡತಿಯೂ ನಕ್ಕಳು. ಅದೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು. ಅಡ್ಡ ಇಟ್ಟುಕೊಳ್ಳುವಷ್ಟು ನಗು ಅಲ್ಲೇನಿತ್ತು?

ಮರುದಿನವೇ ಹಳೆ ಸಾಮಾನಿನ ಅಂಗಡಿಯಿಂದ ಒಂದು ಕೀಬೋರ್ಡು ಹಿಂದಿನ ಕೋಣೆ ಸೇರಿತು. ಹದಿನೆಂಟನೇ ತಾರೀಕು ಆ ಹಾಡನ್ನೇ, ಆ ಅರೇಂಜ್‌ಮೆಂಟನ್ನೇ, ಆ ಪಿಯಾನೋದ ಮೇಲೆಯೇ ಬಾರಿಸಬೇಕು. ಹೆಂಡತಿ ಒಂದು ಸಲ, ಒಂದೇ ಒಂದು ಸಲ, ತನ್ನ ಕಡೆ ನೋಡಿ ಕಣ್ಣರಳಿಸಬೇಕು. ಅಲ್ಲಿಯವರೆಗೆ ಒಂದು ನರಪಿಳ್ಳೆಗೂ ತಿಳಿಯಕೂಡದು. ಆದ್ದರಿಂದ ಕೀಬೋರ್ಡಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ. ಹೊರಗೆ ಸಂಗೀತ ಕೇಳಿಸುತ್ತಿರಲಿಲ್ಲ. ಬೆರಳು ಬಿದ್ದ ಟಕ್ ಟಕ್ ಸದ್ದು ಮಾತ್ರ.

ಗುರುಗಳು ಫೋನಿನೊಳಗಿದ್ದರು. ಇಪ್ಪತ್ತರ ಆಸುಪಾಸಿನ, ಯಾವಾಗಲೂ ನಗುವ ಹುಡುಗಿ.

"ಹಾಯ್ ಫ್ರೆಂಡ್ಸ್! ಇವತ್ತಿನ ಅರೇಂಜ್‌ಮೆಂಟ್ ಸಿಕ್ಕಾಪಟ್ಟೆ ಕಷ್ಟ, ಆದ್ರೆ ತುಂಬಾ ಈಸಿ! ಮೊದಲು ಎಡಗೈ ಹೀಗೆ..." ಎನ್ನುತ್ತಿದ್ದಂತೆ ಅವಳ ಎರಡು ಕೈ ಆರಾಗಿ, ಹದಿನಾರಾಗಿ, ಮತ್ತೆ ಎರಡಾಗುತ್ತಿದ್ದವು. "ಅಷ್ಟೇ ಫ್ರೆಂಡ್ಸ್!"

"ಏನಮ್ಮಾ ಅಷ್ಟೇ? ಏನು ಅಷ್ಟೇ?" ಎಂದು ಬೀಗಣ್ಣ ಫೋನಿಗೆ ಕೈಮುಗಿದ.

ಮೂರನೆಯ ದಿನ ವೀಡಿಯೋದ ವೇಗ ಕಡಿಮೆ ಮಾಡುವ ಗುಂಡಿ ಸಿಕ್ಕಿತು. ಕಾಲು ಭಾಗಕ್ಕೆ ಇಳಿಸಿದಾಗ ಗುರುಗಳ ಧ್ವನಿ ನೆಗಡಿಯಾದ ಪೈಲ್ವಾನನದಾಯಿತು. "ಹಾ...ಆ...ಯ್... ಫ್ರೆಂ...ಎಂ...ಡ್ಸ್..." ಆದರೆ ಬೆರಳುಗಳು ಕಂಡವು. ಕಂಡರೆ ಸಾಕು, ಉಳಿದದ್ದು ಬೀಗಣ್ಣನ ಕಸುಬು. ಗುರುಗಳು 'ನೋಟು' ಎನ್ನುತ್ತಿದ್ದ ಸ್ವರಗಳ ಹೆಸರು ಅವನಿಗೆ ಬೇಕಿರಲಿಲ್ಲ. ಗಿರಾಕಿಗಳ ಕೀಲಿಗೆ ಅಂಟಿಸುವ ನಂಬರ್ ಚೀಟಿಗಳನ್ನು ತೆಗೆದು, ಎಡತುದಿಯ ಬಿಳಿ ಮನೆಯಿಂದ, ಅಂದರೆ ಬಿಳಿ ಕೀಯಿಂದ, ಶುರುಮಾಡಿ ಬಲತುದಿಯ ತನಕ ಒಂದರಿಂದ ಮೂವತ್ತಾರು ಅಂಟಿಸಿದ. ಕರಿ ಮನೆಗೆ ಚೀಟಿ ಇಲ್ಲ. ಅದು 'ಹದಿನಾರರ ಪಕ್ಕದ ಕರಿ'. ಆಮೇಲೆ ಇಡೀ ಹಾಡನ್ನು ತಿಜೋರಿಯ ನಂಬರ್ ಬೀಗದಂತೆ ಬಾಯಿಪಾಠ ಮಾಡತೊಡಗಿದ. ಎಡಗೈ ಎಂಟು, ಬಲಗೈ ಇಪ್ಪತ್ತೆರಡು. ಎಡ ಹನ್ನೆರಡು, ಬಲ ಇಪ್ಪತ್ತಾರು. ಕಿವಿ ಮುಚ್ಚಿಕೊಂಡವನಿಗೆ ತಾನು ಎಷ್ಟು ಜೋರಾಗಿ ಮಾತಾಡುತ್ತಿದ್ದೇನೆಂದು ತಿಳಿಯುವುದಿಲ್ಲ. ಬೀಗಣ್ಣ ಪಿಸುಗುಟ್ಟುತ್ತಿದ್ದೇನೆಂದುಕೊಂಡು ಕೂಗುತ್ತಿದ್ದ.

ಗೋಡೆಯ ಆಚೆ ಶೀಘ್ರಲಿಪಿ ಅಮ್ಮ ಇದ್ದರು.

ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಸ್ಟೆನೋ ಆಗಿ ನಿವೃತ್ತರಾದವರು. ನಿವೃತ್ತಿ ಆಗಿದ್ದು ಅವರಿಗೆ, ಅವರ ಬೆರಳಿಗಲ್ಲ. ಯಾರು ಬಾಯಿ ತೆರೆದರೂ ಪೆನ್ಸಿಲು ತಾನಾಗಿ ಓಡುತ್ತಿತ್ತು. ಹೂವಿನ ಗಿಡಕ್ಕೆ ನೀರು ಹಾಕುವಾಗಲೂ ಸೊಂಟದಲ್ಲಿ ನೋಟ್‌ಬುಕ್ಕು. ಒಂದು ಸಂಜೆ ಅವರು ಬೀಗಣ್ಣನ ಹೆಂಡತಿಯನ್ನು ಕಾಂಪೌಂಡಿನ ಹತ್ತಿರ ಕರೆದರು.

"ನಾನು ಯಾರ ಮೇಲೂ ಏನೂ ಹೇಳೋಳಲ್ಲಮ್ಮಾ. ಬರೆದಿದ್ದನ್ನ ಓದ್ತೀನಿ, ಅಷ್ಟೇ." ಕನ್ನಡಕ ಏರಿಸಿ, ನ್ಯಾಯಾಲಯದ ಧ್ವನಿಯಲ್ಲಿ ಓದತೊಡಗಿದರು. "ಸೋಮವಾರ, ನಾಲ್ಕು ಗಂಟೆ ಹತ್ತು ನಿಮಿಷ. 'ಎಡ ಎಂಟು, ಬಲ ಇಪ್ಪತ್ತೆರಡು. ಥೂ. ಮತ್ತೆ ಮೊದಲಿಂದ.' ಬುಧವಾರ. 'ಬಿಳೀದೆಲ್ಲ ಸಲೀಸಾಯ್ತು. ಇನ್ನು ಕಪ್ಪಿಗೆ ಕೈ ಹಾಕ್ಬೇಕು.'"

"ಕಪ್ಪಿಗಾ?" ಎಂದಳು ಹೆಂಡತಿ.

"ಕಪ್ಪಿಗೆ. ಶುಕ್ರವಾರ. 'ಭಲೇ! ಒಂದೇ ಏಟಿಗೆ ನಲವತ್ತು ನೋಟು ಕೈಗೆ ಬಂತು.' ನಿಮ್ಮೋರು ಕೈ ಚಪ್ಪಾಳೆ ತಟ್ಟಿಕೊಂಡ ಸದ್ದು. ಅದನ್ನೂ ಬರೆದಿದೀನಿ, ಆವರಣದಲ್ಲಿ."

ಹೆಂಡತಿ ಕಾಂಪೌಂಡು ಹಿಡಿದುಕೊಂಡಳು.

"ಶನಿವಾರ. 'ಅರೇಂಜ್‌ಮೆಂಟ್ ಮುಗೀತಾ ಬಂತು. ಹದಿನೆಂಟಕ್ಕೆ ಆ ಮ್ಯಾನೇಜರ್ ಮನೇಲೇ, ಎಲ್ಲರ ಕಣ್ಣೆದುರಿಗೇ ಹೊಡೀತೀನಿ. ನೋಡ್ತಿರು ಮಗನೇ.'" ಅಮ್ಮ ಪುಸ್ತಕ ಮುಚ್ಚಿದರು. "ಓದಿ ಹೇಳಲಾಗಿ ಸರಿಯಿದೆ ಅಂತ ಒಪ್ಪಿದ್ರೆ ಇಲ್ಲೊಂದು ಸಹಿ ಹಾಕು."

ಹೆಂಡತಿ ಒಳಗೆ ಹೋದಳು. ಬೀಗಣ್ಣ ತಟ್ಟೆಯ ಮುಂದೆ ಕೂತು, ಮೇಜಿನ ಅಂಚಿನ ಮೇಲೆ ಹತ್ತೂ ಬೆರಳು ಕುಣಿಸುತ್ತಿದ್ದ.

"ರೀ, ಹಿಂದಿನ ರೂಮಲ್ಲಿ ಏನ್ ಮಾಡ್ತೀರಿ?"

"ಕೆಲಸ."

"ಏನ್ ಕೆಲಸ?"

"ಕೀ ಕೆಲಸ."

"ಯಾರ ಕೀ?"

"ನಿಮ್ಮ ಭಾವಂದು ಅಂತ್ಲೇ ಇಟ್ಕೋ," ಎಂದು ಬೀಗಣ್ಣ ತನ್ನ ಚಾತುರ್ಯಕ್ಕೆ ತಾನೇ ನಕ್ಕ. "ಅಂದ ಹಾಗೆ, ಆ ಮನೇಲಿ ಪಿಯಾನೋ ಹತ್ರ ಕೂತ್ರೆ ಬಾಗಿಲು ಬೆನ್ನಿಗೆ ಬರತ್ತೋ, ಎದುರಿಗೋ? ಹದಿನೆಂಟಕ್ಕೆ ಎಷ್ಟು ಜನ ಇರ್ತಾರೆ?"

ಹೆಂಡತಿ ಅಕ್ಕನಿಗೆ ಫೋನ್ ಮಾಡಿ ಅತ್ತಳು. "ಅವರು ಕೆಟ್ಟೋರಲ್ಲ ಕಣಕ್ಕಾ. ಭಾವನ್ನ ಕಂಡ್ರೆ ಹೊಟ್ಟೆಕಿಚ್ಚು, ಅಷ್ಟೇ. ಹೊಟ್ಟೆಕಿಚ್ಚಿಗೆ ಯಾರಾದ್ರೂ ಬ್ಯಾಂಕ್ ಹೊಡೀತಾರಾ?" ಅಕ್ಕ ಗಂಡನಿಗೆ ಹೇಳಿದಳು. ಗಂಡ ಇನ್ಸ್‌ಪೆಕ್ಟರಿಗೆ ಹೇಳಿದರು. ಶೀಘ್ರಲಿಪಿ ಅಮ್ಮನನ್ನು ಬ್ಯಾಂಕಿಗೆ ಕರೆಸಿದರು. ಆಕೆ "ಬಲ ಇಪ್ಪತ್ತೆರಡು" ಎಂದು ಓದಿದಾಗ ಮ್ಯಾನೇಜರ ಮುಖದ ಬಣ್ಣ ಚೆಕ್ ಹಾಳೆಯ ಬಣ್ಣಕ್ಕೆ ತಿರುಗಿತು. ಭದ್ರತಾ ಕೋಣೆಯ ನಂಬರ್ ಬೀಗದ ಮೂರು ಸಂಖ್ಯೆಗಳಲ್ಲಿ ಒಂದು ಇಪ್ಪತ್ತೆರಡೇ ಆಗಿತ್ತು.

"ಈಗಲೇ ನಂಬರ್ ಬದಲಾಯಿಸಿ. ಯಾರಿಗೂ ಹೇಳಬೇಡಿ. ಬರೆದಿಡಲೂಬೇಡಿ," ಎಂದರು ಇನ್ಸ್‌ಪೆಕ್ಟರು.

ಮ್ಯಾನೇಜರು ಎಲ್ಲರನ್ನೂ ಹೊರಗೆ ಕಳಿಸಿ, ಪರದೆ ಎಳೆದು ನಂಬರು ಬದಲಾಯಿಸಿದರು. ಯಾರಿಗೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ತಮಗೆ ತಾವೂ ಹೇಳಿಕೊಂಡಿರಲಿಲ್ಲ.

ಹತ್ತು ಗಂಟೆಗೆ ಬ್ಯಾಂಕಿನ ಬಾಗಿಲು ತೆರೆಯಿತು, ಭದ್ರತಾ ಕೋಣೆಯದು ತೆರೆಯಲಿಲ್ಲ. ಮದುವೆಯಾದ ತಾರೀಕು ಹಾಕಿ ನೋಡಿದರು, ಹೆಂಡತಿ ಹುಟ್ಟಿದ ತಾರೀಕು ಹಾಕಿ ನೋಡಿದರು, ಅದು ತಪ್ಪಿದ್ದಕ್ಕೆ ಫೋನ್ ಮಾಡಿ ಹೆಂಡತಿಯ ಹತ್ತಿರ ಬೈಸಿಕೊಂಡರು. ಹನ್ನೊಂದಾಯಿತು. ಕೌಂಟರಿನ ಮುಂದೆ ಸಾಲು ಬೀದಿಗೆ ಬಂತು. ಊರಿನಲ್ಲಿ ಈ ಬೀಗ ತೆಗೆಯಬಲ್ಲವನು ಒಬ್ಬನೇ ಒಬ್ಬ.

"ಅವನನ್ನೇ ಕರೆಸಬೇಕಾ?" ಎಂದರು ಇನ್ಸ್‌ಪೆಕ್ಟರು.

"ಬೇರೆ ದಾರಿ ಇಲ್ಲ ಸಾರ್," ಎಂದರು ಮ್ಯಾನೇಜರು.

ಬೀಗಣ್ಣ ಚೀಲ ಹಿಡಿದು ಬಂದ. ಷಡ್ಡಕ ಬೆವರುವುದನ್ನು ಅವನು ಜನ್ಮದಲ್ಲಿ ಮೊದಲ ಸಲ ನೋಡಿದ್ದು. ಸಂತೋಷದಿಂದ ಅವನ ಕೈ ಹಗುರಾಯಿತು. ಬಾಗಿಲಿಗೆ ಕಿವಿ ಕೊಟ್ಟು, ಡಯಲ್ಲನ್ನು ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ, ಮತ್ತೆ ಎಡಕ್ಕೆ ತಿರುಗಿಸಿದ. ನಾಲ್ಕೇ ನಿಮಿಷ. ಬಾಗಿಲು ನಿಟ್ಟುಸಿರಿಟ್ಟು ತೆರೆದುಕೊಂಡಿತು.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಗುಮಾಸ್ತರು ಎರಡು ಹೆಜ್ಜೆ ಹಿಂದೆ ಸರಿದರು.

"ಇಷ್ಟು ಬೇಗ ಹೇಗೆ ತೆಗೆದೆ?" ಎಂದರು ಇನ್ಸ್‌ಪೆಕ್ಟರು.

"ದಿನಾ ಪ್ರಾಕ್ಟೀಸ್ ಇದೆ ಸಾರ್."

"ಓಹೋ. ಎಡ ಎಂಟು, ಬಲ ಇಪ್ಪತ್ತೆರಡು. ಇದೇನು?"

ಬೀಗಣ್ಣನ ಕೈಯಿಂದ ಚೀಲ ಜಾರಿತು. ತನ್ನ ಗುಟ್ಟು ಪೊಲೀಸರ ಬಾಯಲ್ಲಿ! ನಿಜ ಹೇಳಿದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಎದುರಿಗೆ ಷಡ್ಡಕ ನಿಂತಿದ್ದ. ಹೇಳಿದರೆ ಈ ಮನುಷ್ಯ ನಗುತ್ತಾನೆ; ನಕ್ಕು, ಹದಿನೆಂಟರ ಭಾನುವಾರದೊಳಗೆ ತಾನೇ ಆ ಹಾಡು ಕಲಿತುಬಿಡುತ್ತಾನೆ.

"ಭಾನುವಾರ ಗೊತ್ತಾಗತ್ತೆ ಸಾರ್," ಎಂದ.

"ನಲವತ್ತು ನೋಟು ಎಲ್ಲಿಟ್ಟಿದ್ದೀಯಾ?"

ಬೀಗಣ್ಣ ತಲೆ ಮುಟ್ಟಿ ತೋರಿಸಿದ. "ಇಲ್ಲಿ. ಈಗ ನಾನೂರಾಗಿದೆ."

ಇನ್ಸ್‌ಪೆಕ್ಟರು ಮ್ಯಾನೇಜರನ್ನು ಪಕ್ಕಕ್ಕೆ ಕರೆದು ಹೇಳಿದರು: "ಬಹಳ ಪಳಗಿದ ಆಸಾಮಿ. ಈಗ ಹಿಡಿದ್ರೆ ಸಾಕ್ಷಿ ಇಲ್ಲ. ಭಾನುವಾರ ನಿಮ್ಮ ಮನೇಲಿ ಹೊಡೀತಾನಲ್ಲ, ಕೈ ಹಾಕ್ತಿದ್ದ ಹಾಗೇ ಹಿಡಿಯೋಣ. ನಾವು ನೆಂಟರ ಥರ ಬರ್ತೀವಿ."

ಹದಿನೆಂಟನೇ ತಾರೀಕು ಸಂಜೆ ಮ್ಯಾನೇಜರ ಮನೆಯ ಹಜಾರದಲ್ಲಿ ನಲವತ್ತು ಜನ. ಅದರಲ್ಲಿ ಇನ್ಸ್‌ಪೆಕ್ಟರು ಹೂಗುಚ್ಛ ಹಿಡಿದು ನಿಂತಿದ್ದರು. ಪೇದೆಯೂ ಹೂಗುಚ್ಛ ಹಿಡಿದಿದ್ದ, ಲಾಠಿ ಹಿಡಿದ ಹಾಗೆ. "ನೀವು ಯಾರ ಕಡೆಯೋರು?" ಎಂದು ಅತ್ತೆ ಕೇಳಿದಾಗ ಪೇದೆ ಸೆಟೆದು ನಿಂತು "ಸರ್ಕಾರದ ಕಡೆಯೋರು" ಎಂದ. ಶೀಘ್ರಲಿಪಿ ಅಮ್ಮ ಮೂಲೆಯ ಕುರ್ಚಿಯಲ್ಲಿ ಪೆನ್ಸಿಲು ಚೂಪು ಮಾಡಿಕೊಂಡು ಕೂತರು. ಹೆಂಡತಿ ಗಂಡನ ಅಂಗಿಯ ತುದಿ ಬಿಡಲಿಲ್ಲ.

"ರೀ, ಬೇಡ. ಏನೇ ಇರಲಿ, ಮನೆಗೆ ಹೋಗೋಣ ಬನ್ನಿ."

"ಆರು ವಾರ ಕಷ್ಟಪಟ್ಟಿದೀನಿ ಕಣೇ. ಬಿಡು."

ಮ್ಯಾನೇಜರು ಎಂದಿನಂತೆ ತೋಳು ಮಡಿಸುತ್ತ ಪಿಯಾನೋದತ್ತ ಹೊರಟಿದ್ದರು. ಬೀಗಣ್ಣ ಅಂಗಿ ಬಿಡಿಸಿಕೊಂಡು ನುಗ್ಗಿದ. ಇನ್ಸ್‌ಪೆಕ್ಟರು ಹೂಗುಚ್ಛ ಎಸೆದು ನುಗ್ಗಿದರು. ಪೇದೆ ಬಾಗಿಲಿಗೆ ಅಡ್ಡ ನಿಂತ. ಬೀಗಣ್ಣ ಮೊದಲು ತಲುಪಿ, ಧೊಪ್ಪನೆ ಪಿಯಾನೋದ ಮುಂದೆ ಕೂತುಬಿಟ್ಟ.

"ಅತ್ತೆ, ಮಾವ! ನಿಮ್ಮ ಮದುವೆ ಹಾಡು," ಎಂದ.

ಇನ್ಸ್‌ಪೆಕ್ಟರು ನಡುದಾರಿಯಲ್ಲೇ ನಿಂತರು. ಹೆಂಡತಿಯ ಕಣ್ಣು ಇನ್ನೇನು ಅರಳಬೇಕು.

ಇಲ್ಲೊಂದು ಸಣ್ಣ ಲೆಕ್ಕವನ್ನು ಓದುಗರ ಮುಂದೆ ಇಡಬೇಕಾಗಿದೆ. ಬೀಗಣ್ಣನ ಕೀಬೋರ್ಡಿನಲ್ಲಿ ಬಿಳಿ ಮನೆಗಳು ಮೂವತ್ತಾರು. ಷಡ್ಡಕನ ಪಿಯಾನೋದಲ್ಲಿ ಐವತ್ತೆರಡು. ಆ ಹೆಚ್ಚಿನ ಮನೆಗಳು ಎರಡು ತುದಿಗೂ ಹಂಚಿಹೋಗಿರುತ್ತವೆ. ಅಂದರೆ ಪಿಯಾನೋದ ಎಡತುದಿ ಒಂದು ಸ್ವರವಾದರೆ, ಕೀಬೋರ್ಡಿನ ಎಡತುದಿ ಬೇರೆಯೇ ಸ್ವರ. ಫೋನಿನ ಗುರುಗಳು ಇದನ್ನು ಹೇಳಿರಲಿಲ್ಲ; ಎಡತುದಿಯಿಂದ ನಂಬರು ಹಾಕಿಕೊಂಡು ಪಿಯಾನೋ ಕಲಿಯುವ ಪ್ರಾಣಿಯೊಂದು ಭೂಮಿಯ ಮೇಲಿದೆಯೆಂದು ಆ ಮಗುವಿಗೆ ಹೇಗೆ ಗೊತ್ತಾಗಬೇಕು? ಬೀಗಣ್ಣ ಎಡತುದಿಗೆ ಸರಿದು, ತೋರುಬೆರಳಿನಿಂದ ಎಂಟರವರೆಗೆ ಎಣಿಸಿ ಎಡಗೈ ಇಟ್ಟ. ಇಪ್ಪತ್ತೆರಡರವರೆಗೆ ಎಣಿಸಿ ಬಲಗೈ ಇಟ್ಟ. ಕಣ್ಣು ಮುಚ್ಚಿದ. ಹೊಡೆದ.

ಪಿಯಾನೋದ ಹೊಟ್ಟೆಯ ಆಳದಿಂದ ಗುಡುಗು ಎದ್ದಿತು. ಕುಣಿಯಬೇಕಾದ ಹಾಡು ಕಾಲೆಳೆದುಕೊಂಡು ಬಂತು. ನಗಬೇಕಾದ ಕಡೆ ನರಳಿತು. ಕರಿ ಮನೆ ಇರಬೇಕಾದ ಕಡೆ ಕೆಲವೊಮ್ಮೆ ಕರಿ ಮನೆಯೇ ಇರಲಿಲ್ಲ. ಬೆರಳು ಎರಡು ಬಿಳಿಗಳ ನಡುವೆ ಬಿದ್ದು ಪಿಯಾನೋ ಬಿಕ್ಕಿತು. ಮೊದಲ ಸಾಲಿನಲ್ಲೇ ಬೀಗಣ್ಣನಿಗೆ ಎಲ್ಲವೂ ಕೆಟ್ಟಿದೆಯೆಂದು ತಿಳಿಯಿತು. ಆದರೆ ನಿಲ್ಲಿಸುವ ನಂಬರು ಅವನು ಕಲಿತಿರಲಿಲ್ಲ. ಬೆರಳುಗಳು ತಮ್ಮ ಪಾಡಿಗೆ ತಾವು ಓಡುತ್ತಿದ್ದವು.

ಮೂಲೆಯಲ್ಲಿ ಶೀಘ್ರಲಿಪಿ ಅಮ್ಮ ಕತ್ತು ಉದ್ದ ಮಾಡಿ, ಪುಸ್ತಕ ನೋಡಿಕೊಂಡು ಒಂದೊಂದಕ್ಕೂ ಗುರುತು ಹಾಕುತ್ತಿದ್ದರು. "ಎಡ ಎಂಟು, ಸರಿ. ಬಲ ಇಪ್ಪತ್ತೆರಡು, ಸರಿ. ಹದಿನಾರರ ಪಕ್ಕದ ಕರಿ... ಪಕ್ಕಕ್ಕೆ ಹೋದ್ರು, ಸರಿ." ಕೊನೆಗೆ ಎದ್ದು ಇನ್ಸ್‌ಪೆಕ್ಟರಿಗೆ ವರದಿ ಒಪ್ಪಿಸಿದರು: "ಪೂರ್ತಿ ತಾಳೆ ಆಯ್ತು ಸಾರ್. ಒಂದೂ ತಪ್ಪಿಲ್ಲ."

"ನೋಟು ಅಂದ್ರೆ ಈ ನೋಟಾ?" ಎಂದು ಇನ್ಸ್‌ಪೆಕ್ಟರು ಕುರ್ಚಿ ಹುಡುಕಿಕೊಂಡು ಕೂತರು.

ಕೊನೆಯ ಗುಡುಗು ಅಡಗಿತು. ಬೀಗಣ್ಣ ಕಣ್ಣು ತೆರೆಯಲಿಲ್ಲ. ತೆರೆದರೆ ಹೆಂಡತಿಯ ಮುಖ ಕಾಣುತ್ತದೆ.

ಆಗ ಮಾವ ಎದ್ದರು. ಮಾವ ಮಾತಾಡಿದ್ದನ್ನು ಆ ಮನೆಯಲ್ಲಿ ಬಹಳ ಜನ ಕೇಳಿರಲಿಲ್ಲ. ಬಾಯಿ ತೆರೆದಾಗಲೆಲ್ಲ ಅದು ಆಕಳಿಕೆಗೆಂದೇ ಎಲ್ಲರೂ ತಿಳಿದಿದ್ದರು.

"ಐವತ್ತು ವರ್ಷ ಹೇಗಿತ್ತು, ಹೇಗಿತ್ತು ಅಂತ ಬೆಳಿಗ್ಗೆಯಿಂದ ಎಲ್ಲರೂ ಕೇಳ್ತಿದ್ರಿ," ಎಂದರು. ಅವರ ಕಣ್ಣಲ್ಲಿ ನೀರಿತ್ತು. ಪಿಯಾನೋದತ್ತ ಕೈ ತೋರಿಸಿದರು. "ಹೀಗಿತ್ತು."

ಅತ್ತೆ ಗಂಡನತ್ತ ತಿರುಗಿದರು. "ಮಧ್ಯೆ ಅಷ್ಟು ಹೊತ್ತು ಗುಡುಗಿತಲ್ಲ, ಅದು ಯಾರು?"

"ನೀನು."

"ಆಮೇಲೆ ಬಿಕ್ಕಿದ್ದು?"

"ನಾನು."

ಅತ್ತೆ ಒಂದು ಗಳಿಗೆ ಗಂಡನನ್ನು ದುರುಗುಟ್ಟಿ ನೋಡಿದರು. ಆಮೇಲೆ ಅತ್ತೆ ನಕ್ಕುಬಿಟ್ಟರು, ನಗುತ್ತ, ಕಣ್ಣೊರೆಸಿಕೊಳ್ಳುತ್ತ, ಗಂಡನ ಕೈ ಹಿಡಿದುಕೊಂಡು ಕೂತರು. "ಅಳಿಯಂದ್ರೇ, ಇನ್ನೊಂದ್ಸಲ ಹೊಡೀರಿ."

ಬೀಗಣ್ಣ ಇನ್ನೊಂದು ಸಲ ಹೊಡೆದ. ಎಡ ಎಂಟು, ಬಲ ಇಪ್ಪತ್ತೆರಡು. ಅದೇ ಗುಡುಗು, ಅದೇ ಬಿಕ್ಕು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಈ ಸಲ ಪೇದೆಯೂ ಅತ್ತ. ಹೂಗುಚ್ಛದಲ್ಲಿ ಮುಖ ಮುಚ್ಚಿಕೊಂಡು, "ನಮ್ಮ ಮನೇದೂ ಇದೇ ಹಾಡು ಸಾರ್," ಎಂದು ಇನ್ಸ್‌ಪೆಕ್ಟರಿಗೆ ಹೇಳಿಕೊಂಡ.

ಜನ ತಿಂಡಿಯ ಮೇಜಿನ ಕಡೆ ಹೋದ ಮೇಲೆ ಮ್ಯಾನೇಜರು ಬೀಗಣ್ಣನನ್ನು ಕಿಟಕಿಯ ಹತ್ತಿರಕ್ಕೆ ಎಳೆದರು. ಅವರ ತುಟಿ ನಗುತ್ತಿತ್ತು, ಉಳಿದ ಮುಖ ನಗುತ್ತಿರಲಿಲ್ಲ. ಆ ಮುಖ ಬೀಗಣ್ಣನಿಗೆ ಚೆನ್ನಾಗಿ ಪರಿಚಯ. ಎಷ್ಟೋ ವರ್ಷದಿಂದ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ದಿನವೂ ನೋಡಿದ್ದ.

"ಯಾರ ಅರೇಂಜ್‌ಮೆಂಟ್ ಅದು?" ಎಂದರು ಮೆಲ್ಲಗೆ. "ಕೆಳಗಿನ ಸ್ವರದಲ್ಲಿ, ಅಷ್ಟು ದುಃಖವಾಗಿ... ನಾನು ಎಲ್ಲೂ ಕೇಳಿಲ್ಲ. ಯಾವ ವೀಡಿಯೋ? ಸುಮ್ನೆ ಕೇಳಿದೆ. ನಾನೇನೂ ಕಲಿಯಲ್ಲ."

ಸತ್ಯ ಬೀಗಣ್ಣನ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹೆಂಡತಿ ನಡುವೆ ಬಂದು ನಿಂತಳು. "ಅದು ಇವರದ್ದೇ ಭಾವ. ಬೇರೆಲ್ಲೂ ಸಿಗಲ್ಲ," ಎಂದು ಗಂಡನ ತೋಳು ಹಿಡಿದು ಹೊರಟಳು.

ಬೀದಿಯ ತಿರುವು ದಾಟಿದ ಮೇಲೆ ಹೆಂಡತಿ ಕೇಳಿದಳು.

"ರೀ, ನಿಜ ಹೇಳಿ. ನಮ್ಮಮ್ಮ ಆ ಹಾಡು ಗುನುಗೋದನ್ನ ಹುಟ್ಟಿದಾಗ್ಲಿಂದ ಕೇಳಿದೀನಿ. ಅದು ಹಾಗಿಲ್ಲ. ತಪ್ಪಾಯ್ತು ಅಲ್ವಾ?"

"ಹೂಂ."

"ಎಷ್ಟು ಕಡೆ?"

"ಎಲ್ಲಾ ಕಡೆ."

"ಎರಡನೇ ಸಲ?"

"ಅದೇ ತಪ್ಪು. ಹಾಗ್ಹಾಗೇ."

ಹೆಂಡತಿ ನಿಂತಳು. ಅವಳ ಕಣ್ಣು ನಿಧಾನವಾಗಿ ಅರಳಿತು. ಬೀದಿ ದೀಪದ ಕೆಳಗೆ ಬೀಗಣ್ಣ ಅದನ್ನು ಸ್ಪಷ್ಟವಾಗಿ ಕಂಡ.

"ನಾನೂರು ನೋಟು," ಎಂದಳು, "ಒಂದೂ ಸರಿ ಬೀಳದ ಹಾಗೆ, ಎರಡೆರಡು ಸಲ! ಅಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡೋಕೆ ಭಾವನ ಕೈಲಿ ಆಗತ್ತೇನ್ರೀ?"